ಬೀಗರು ನೋಡಲು ಬಂದ ಸರ್ವರ್

ಹೆಣ್ಣಿನವರು ಹುಡುಗನನ್ನು ನೋಡುತ್ತಾರೆ, ಮನೆ ನೋಡುತ್ತಾರೆ, ಹೊಲ ನೋಡುತ್ತಾರೆ. ವೆಬ್‌ಸೈಟ್ ನೋಡಲು ಬರುವ ಬೀಗರನ್ನು ಎಲ್ಲಾದರೂ ಕಂಡಿದ್ದೀರಾ? ನಮಗೆ ಗಂಟುಬಿದ್ದಿದ್ದಾರೆ.

ನನ್ನ ತಮ್ಮ ಮಲ್ಲಿಕಾರ್ಜುನ ಬೈಲಹೊಂಗಲದಲ್ಲಿ, ಹತ್ತಿಬೀಜದ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ವಧು-ವರರ ವೆಬ್‌ಸೈಟ್ ನಡೆಸುತ್ತಾನೆ. (ಊರಿಗೆಲ್ಲ ಹೆಣ್ಣು ಹುಡುಕಿಕೊಟ್ಟ ಪುಣ್ಯಾತ್ಮನಿಗೇ ಹೆಣ್ಣು ಸಿಕ್ಕಿರಲಿಲ್ಲ.) ಕೊನೆಗೆ ರಾಮದುರ್ಗದ ಹುಡುಗಿಯೊಬ್ಬಳು ಒಪ್ಪಿದಳು. ಅವಳಪ್ಪ ಒಪ್ಪಲಿಲ್ಲ. "ಹುಡುಗ ಏನ್ ಕೆಲಸಾ ಮಾಡ್ತಾನಂತ ಕಣ್ಣೀಲೆ ನೋಡಬೇಕ್ರಿ. ರವಿವಾರ ಬರತೇನಿ" ಎಂದರು.

ರವಿವಾರವೇ ಆಗಬೇಕಾ? ವಾರದ ಆರು ದಿನ ಚಂದ ಓಡುವ ಸೈಟು ರವಿವಾರ ಬೆಳಿಗ್ಗೆ ಹತ್ತಾಯಿತೆಂದರೆ ಮಲಗಿಬಿಡುತ್ತಿತ್ತು. ಸವದತ್ತಿ, ಕಿತ್ತೂರಿನ ಸೈಬರ್ ಕೆಫೆಗಳಲ್ಲಿ ಸೋದರಮಾವಂದಿರೆಲ್ಲ ಸೇರಿ ಕ್ಲಿಕ್ ಒತ್ತುವ ಹೊತ್ತು ಅದು. ಪರದೆಯ ಮೇಲೆ 'ಬ್ಯಾಡ್ ಗೇಟ್‌ವೇ' ಎಂಬ ಶಾಪ. ಅಂದರೆ ಬಾಗಿಲಲ್ಲಿ ನಿಂತ ವೆಬ್ ಸರ್ವರ್ ಜೀವಂತ, ಹಿಂದೆ ಅಡುಗೆಮನೆಯಲ್ಲಿ ದುಡಿಯುವ ಪ್ರೊಸೆಸ್‌ಗಳು ಖಲಾಸ್.

ತಮ್ಮನ ಬಳಿ ಇದ್ದದ್ದು ಒಂದೇ ಔಷಧ: ರಿಸ್ಟಾರ್ಟ್. ಎಬ್ಬಿಸಿದ. ಬಿದ್ದವು. ಮತ್ತೆ ಎಬ್ಬಿಸಿದ. ಮತ್ತೆ ಬಿದ್ದವು. ಯಾಕೆ ಬಿದ್ದವು ಅಂತ ಕೇಳುವ ಪುರಸೊತ್ತು ಯಾರಿಗಿದೆ? ನಮ್ಮ ರಸ್ತೆ ರಿಪೇರಿಯೂ ಹೀಗೇ ಅಲ್ಲವೇ? ಅವ್ವ "ದೃಷ್ಟಿ ಆಗೇತಿ" ಎಂದು ಮಾನಿಟರ್‌ಗೆ ಊದಿನಕಡ್ಡಿ ಬೆಳಗಿದಳು. (ಬಾಡಿಗೆ ಸರ್ವರ್ ಇರುವುದು ಮುಂಬೈಯಲ್ಲಿ. ಹೊಗೆ ಅಲ್ಲಿತನಕ ಹೋಗಿರಲಾರದು.)

ಶನಿವಾರ ನಾನೇ ಕೂತು ಸರ್ವರ್‌ನ ಲಾಗ್, ಅಂದರೆ ಅದರ ದಿನಚರಿ ಓದಿದೆ. ಮೆಮೊರಿ ಮುಗಿದಿದೆ, ಪ್ರೊಸೆಸ್ ಕೊಲ್ಲುತ್ತಿದ್ದೇನೆ ಎಂದು ಸಾಲುಸಾಲಾಗಿ ಬರೆದಿತ್ತು. ಸೈಟಿಗೆ ಬಂದವರಿಗೆ ತಲೆಗೊಂದರಂತೆ ಒಮ್ಮೆಲೇ ಎಷ್ಟು ಪ್ರೊಸೆಸ್ ಏಳಬಹುದು ಎಂಬ ಮಿತಿಯ ಜಾಗದಲ್ಲಿ ತಮ್ಮ ಐನೂರು ಎಂದು ಹಾಕಿದ್ದ. ಆ ಬಡಪಾಯಿ ಯಂತ್ರಕ್ಕೆ ಇಪ್ಪತ್ತೇ ಹೆಚ್ಚು.

"ಇಪ್ಪತ್ತ ಮಾಡೋ" ಎಂದೆ.

"ಉಳದವ್ರು?"

"ಕಾಯ್ತಾರ."

ತಮ್ಮ ಹೌಹಾರಿದ. "ಬಂದ ಮಂದೀನ ಬಾಗಲದಾಗ ನಿಲ್ಲಸೂದಣ್ಣಾ? ನಾಕ ಮಂದಿ ಏನಂದಾರು?"

ನಮ್ಮ ಸೀಮೆಯ ರೋಗ ಇದೇ ನೋಡಿ. ಬಂದವರಿಗೆಲ್ಲ "ಬರ್ರಿ, ಕುಂದರ್ರಿ". ಕೂರಲು ಜಾಗ ಇದೆಯೇ ಅಂತ ಯಾರೂ ನೋಡುವುದಿಲ್ಲ. ಕೂರಿಸಿದ ಐನೂರು ಜನಕ್ಕೂ ಊಟವಿಲ್ಲ, ಬಡಿಸುವವನೂ ಎಚ್ಚರ ತಪ್ಪಿ ಬಿದ್ದ. ಇದಕ್ಕೆ ಮರ್ಯಾದೆ ಅನ್ನಬೇಕಾ? ನನಗೆ ನಿಜವಾಗಿಯೂ ಸಿಟ್ಟು ಬಂತು. ಕೀಬೋರ್ಡ್ ಕಸಿದುಕೊಂಡು ಇಪ್ಪತ್ತು ಮಾಡಿದೆ.

ರವಿವಾರ ಸರಿಯಾಗಿ ಹತ್ತಕ್ಕೇ ಬೀಗರು ಬಂದರು. ಚಹಾ ಮುಟ್ಟದೆ ಪರದೆ ಮುಂದೆ ಕೂತರು. ತಮ್ಮ ಕ್ಲಿಕ್ ಮಾಡಿದ. ಪುಟ ಬರಲಿಲ್ಲ. ಬಿಳಿ ಪರದೆ, ಅದರ ಮೇಲೊಂದು ಮರಳುಗಡಿಯಾರ. ಹೋಯ್ತು ಹುಡುಗಿ, ಅಂದುಕೊಂಡೆ.

"ಯಾಕ್ರಿ ತಡಾ?" ಬೀಗರು ಕೇಳಿದರು.

ತಮ್ಮ ಬೆವರು ಒರೆಸಿಕೊಳ್ಳುತ್ತ ಹೇಳಿದ: "ಮೊದಲನೇ ಪಂಕ್ತಿ ಉಣ್ಣಾಕ ಹತ್ತೇತ್ರಿ. ಅವ್ರು ಎದ್ದ ಮ್ಯಾಲ ನಮ್ಮ ಪಾಳಿ."

ಅಷ್ಟರಲ್ಲಿ ಪುಟ ಬಂತು. ಬೀಗರು ಇನ್ನೊಂದು ಪುಟ ತೆಗೆಸಿದರು, ಮತ್ತೊಂದು ತೆಗೆಸಿದರು. ತಡವಾಗಿ ಬಂದವು, ಆದರೆ ಬಂದವು. ಆಮೇಲೆ ಚಹಾದ ಕಪ್ಪಿಗೆ ಕೈ ಹಾಕಿದರು.

"ನಮ್ಮ ಹಿರೇ ಮಗಳ ಮದವ್ಯಾಗ ಎಲ್ಲಾರ್ನೂ ಒಮ್ಮೆಲೆ ಊಟಕ್ಕ ಬಿಟ್ಟು ಚಪ್ಪರಾನ ಬಿದ್ದಿತ್ರಿ. ಈ ಸಲ ಬಾಗಲಾ ನೀವ ನೋಡ್ಕೋರಿ, ಅಳ್ಯಾರ."

ಅಳ್ಯಾರ! ಅವ್ವ ಒಳಗಿನಿಂದ ಸಕ್ಕರೆ ಹಿಡಿದುಕೊಂಡೇ ಓಡಿಬಂದಳು. (ಮದುಮಗ ಬಾಗಿಲು ಕಾಯುವಂತಿಲ್ಲ. ಆ ಕೆಲಸ ಈಗ ನನ್ನ ಕೊರಳಿಗೆ ಬಿದ್ದಿದೆ.)

ಮದುವೆಗೆ ನೀವೆಲ್ಲರೂ ಬರಲೇಬೇಕು. ಒಮ್ಮೆಲೇ ಮಾತ್ರ ಬರಬೇಡಿ.