ವ್ಯಾನಿನೊಳಗೆ ತಿನ್ನಬಾರದು

ಅವನನ್ನು ಎಲ್ಲರೂ ಮೆಲ್ಲಣ್ಣ ಎನ್ನುತ್ತಿದ್ದರು. ಹೆತ್ತವರು ಇಟ್ಟ ಹೆಸರು ಲೈಸೆನ್ಸಿನಲ್ಲಿ ಮಾತ್ರ ಉಳಿದಿತ್ತು. ಇಪ್ಪತ್ತು ವರ್ಷ ಲಾರಿ ಓಡಿಸಿ ಸೊಂಟ ಕೈಕೊಟ್ಟ ಮೇಲೆ ಒಬ್ಬ ಮಾಲೀಕನಿಂದ ವ್ಯಾನ್ ಬಾಡಿಗೆಗೆ ಹಿಡಿದು, ಕಿಡ್ನಿ ಕೆಟ್ಟವರನ್ನು ಡಯಾಲಿಸಿಸ್ಸಿಗೆ ಕರೆದೊಯ್ಯುವ ಕೆಲಸಕ್ಕೆ ನಿಂತಿದ್ದ. ರಸ್ತೆಯಲ್ಲಿ ಗುಂಡಿ ಕಂಡಾಗಲೆಲ್ಲ ಹಿಂದಿನ ಸೀಟಿನವರು 'ಮೆಲ್ಲಗೆ, ಅಣ್ಣಾ, ಮೆಲ್ಲಗೆ' ಎಂದು ಕೂಗಿ ಕೂಗಿ ಅದೇ ಹೆಸರಾಗಿ ಅಂಟಿಕೊಂಡಿತು. ಅವನಿಗೂ ಅದು ಹಿಡಿಸಿತ್ತು.

ಈ ಕೆಲಸವನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಅಕ್ಕ. ತಾಯಿ ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ, ಅವಳಿಗೆ ಹದಿನಾಲ್ಕು. ಕೈತುತ್ತು ಹಾಕಿ ಬೆಳೆಸಿದವಳು ಅವಳೇ. ಅವಳ ಕಿಡ್ನಿ ಕೆಟ್ಟು ವಾರಕ್ಕೆ ಮೂರು ದಿನ ಮೆಷಿನ್ ಹತ್ತಬೇಕು ಎಂದಾದಾಗ ತನ್ನ ಮನೆಗೇ ಕರೆತಂದಿಟ್ಟುಕೊಂಡ. ಬೇರೆಯವರ ಗಾಡಿಯಲ್ಲಿ ಅವಳು ಒದ್ದಾಡಿಕೊಂಡು ಹೋಗುವುದು ಬೇಡ ಎಂದು ಆಸ್ಪತ್ರೆಯ ರೂಟಿನ ವ್ಯಾನನ್ನೇ ಹಿಡಿದ. ಅಕ್ಕನ ಜೊತೆಗೆ ಇನ್ನೂ ನಾಲ್ವರಿದ್ದರು. ಅವರಲ್ಲಿ ಬಾಯಿ ಇದ್ದವರು ಇಬ್ಬರು, ನಿವೃತ್ತ ಗಣಿತದ ಮೇಷ್ಟ್ರು ಮತ್ತು ಬಟ್ಟೆ ಹೊಲಿಯುವ ಟೈಲರಮ್ಮ.

ವ್ಯಾನಿನ ಬೀಗದ ಕೈ ಕೊಡುವಾಗ ಮಾಲೀಕ ಒಂದೇ ಮಾತು ಹೇಳಿದ್ದ. "ಗಾಡಿ ಎಲ್ಲಾದ್ರೂ ಉಜ್ಜಿದ್ರೆ ಕ್ಷಮಿಸ್ತೀನಿ. ಇಲಿ ಕಡಿದ್ರೆ ಕ್ಷಮಿಸಲ್ಲ. ಹಿಂದಿನ ಡ್ರೈವರ್ ಇಲಿಗೆ ಅರ್ಧ ಎಂಜಿನ್ ತಿನ್ನಿಸಿಬಿಟ್ಟ. ಮೂರನೇ ಸಲ ವೈರ್ ಕಡಿಸ್ಕೊಂಡ್ರೆ ಗಾಡಿ ವಾಪಸ್."

ಆಗ ಮೆಲ್ಲಣ್ಣ ನಕ್ಕಿದ್ದ. ಲಾರಿ ಓಡಿಸಿದವನಿಗೆ ಇಲಿ ಯಾವ ಲೆಕ್ಕ. ಆದರೆ ಅವನ ಮನೆಯ ಹಿಂದೆಯೇ ಹಿಟ್ಟಿನ ಗಿರಣಿ ಇತ್ತು, ಬೇರೆ ಕಡೆ ನಿಲ್ಲಿಸಲು ಜಾಗ ಇರಲಿಲ್ಲ. ಎರಡು ತಿಂಗಳಿಗೆ ಹಾರ್ನಿನ ವೈರ್ ಹೋಯಿತು. ಸರಿಮಾಡಿಸಿ ಸುಮ್ಮನಾದ. ನಾಲ್ಕನೇ ತಿಂಗಳು, ಬೆಳಿಗ್ಗೆ ಆರೂವರೆಗೆ ಕೀ ತಿರುವಿದರೆ ವ್ಯಾನ್ ಉಸಿರೆತ್ತಲಿಲ್ಲ. ಬಾನೆಟ್ ಎತ್ತಿ ನೋಡಿದರೆ ಸ್ಟಾರ್ಟರಿನ ವೈರು ಚೂರುಚೂರು. ಮೆಕ್ಯಾನಿಕ್ ಸಿಕ್ಕಿ, ವೈರು ಸಿಕ್ಕಿ, ಗಾಡಿ ಹೊರಡುವಷ್ಟರಲ್ಲಿ ಮಧ್ಯಾಹ್ನ. ಉಳಿದವರು ಹೇಗೋ ಆಟೋ ಹಿಡಿದು ಹೋಗಿದ್ದರು. ಮೇಷ್ಟ್ರು ಮಾತ್ರ ವ್ಯಾನ್ ಬಂದೇ ಬರುತ್ತದೆಂದು ತಮ್ಮ ಮನೆಯ ಗೇಟಿನ ಕಟ್ಟೆಯ ಮೇಲೆ ಕೂತೇ ಇದ್ದರು. ಅವರ ಸರದಿ ತಪ್ಪಿತು. ಮಾರನೆಯ ದಿನ ಶ್ವಾಸಕೋಶದಲ್ಲಿ ನೀರು ತುಂಬಿ ಐಸಿಯು ಸೇರಿದರು. ಮೂರು ದಿನ ಬದುಕುತ್ತಾರೋ ಇಲ್ಲವೋ ಎಂಬಂತಿತ್ತು.

ಆ ಮೂರು ದಿನ ಮೆಲ್ಲಣ್ಣನ ಕಣ್ಣಿಗೆ ಕಾಣುತ್ತಿದ್ದದ್ದು ಮೇಷ್ಟ್ರಲ್ಲ, ಅವರ ಹಾಸಿಗೆಯಲ್ಲಿ ಮಲಗಿದ ಅಕ್ಕ.

ಮೇಷ್ಟ್ರು ಉಳಿದರು. ಮೆಲ್ಲಣ್ಣ ಇಲಿಯ ಮೇಲೆ ಬಿದ್ದ. ಎಂಜಿನ್ನಿನ ಕೆಳಗೆ ತಂತಿಯ ಜಾಲರಿ ಹೊಡೆಸಿದ. ವೈರಿನ ಕಟ್ಟುಗಳ ನಡುವೆ ಹೊಗೆಸೊಪ್ಪಿನ ಪುಡಿಯ ಪೊಟ್ಟಣ ಕಟ್ಟಿದ. ನುಸಿಗುಳಿಗೆ ತೂಗುಹಾಕಿದ. ಆಸ್ಪತ್ರೆಯಿಂದ ಬಂದೊಡನೆ ಬಾನೆಟ್ ಎತ್ತಿ ಬಿಸಿ ಆರಲು ಬಿಡುತ್ತಿದ್ದ, ಬೆಚ್ಚಗಿರುವ ಕಡೆಗೇ ಅವು ಬಂದು ಸೇರುವುದಲ್ಲವೇ. ವಿಷ ಇಡು ಎಂದವರಿಗೆ, "ತಿಂದು ಒಳಗೇ ಸತ್ರೆ ಆ ವಾಸನೇಲಿ ರೋಗಿಗಳನ್ನ ಹೇಗೆ ಕೂರಿಸ್ಲಿ" ಎಂದು ಸಿಡುಕುತ್ತಿದ್ದ. ಇಷ್ಟೆಲ್ಲ ಮಾಡಿದರೂ ಬೆಳಿಗ್ಗೆ ಎಂಜಿನ್ನಿನ ಮೇಲೆ ಹಿಕ್ಕೆ ಕಾಣಿಸುವುದು ನಿಲ್ಲಲಿಲ್ಲ.

ಮೆಕ್ಯಾನಿಕ್ ಬಂದು ಹಿಂದಿನ ಸೀಟು ಬಿಚ್ಚಿದ. "ಅಣ್ಣ, ನೀನು ಮುಂದಿನ ಬಾಗಿಲು ಕಾಯ್ತಿದ್ದೀಯ. ಊಟ ಹಾಕಿರೋದು ಇಲ್ಲಿ."

ಸೀಟಿನಡಿ ಬಿಸ್ಕತ್ತಿನ ಪುಡಿ, ಕಿತ್ತಳೆಯ ಸಿಪ್ಪೆ, ಕಡಲೆಬೀಜದ ಹೊಟ್ಟು, ಚಾಕಲೇಟಿನ ಕಾಗದ, ಒಣಗಿದ ಬಾಳೆಹಣ್ಣಿನ ತೊಟ್ಟು. ಇಲಿಗಳಿಗೆ ಮದುವೆ ಮನೆ.

ಅದರ ಹಿಂದೊಂದು ಕಥೆಯಿದೆ. ಮೆಷಿನ್ ಹತ್ತುವವರಿಗೆ ಬಾಳೆಹಣ್ಣು ವಿಷ, ಕಿತ್ತಳೆ ವಿಷ, ಚಾಕಲೇಟೂ ವಿಷ. ನೀರನ್ನು ಕೂಡ ಲೋಟದಲ್ಲಿ ಅಳೆದೇ ಕುಡಿಯಬೇಕು. ಆದರೆ ಮೆಷಿನ್ ದಿನ ಬೆಳಿಗ್ಗೆ ಒಂದು ಚೂರು ತಿಂದರೆ ಮೆಷಿನ್ನೇ ತೊಳೆದು ಹಾಕುತ್ತದೆ ಎಂದು ಅವರವರಲ್ಲೇ ಒಂದು ನಂಬಿಕೆ. ಡಾಕ್ಟರಿಗೆ ಹೇಳುವಂತಿಲ್ಲ. ಮನೆಯವರಿಗೆ ಗೊತ್ತಾದರೆ ಕಿತ್ತುಕೊಳ್ಳುತ್ತಾರೆ. ಹಾಗಾಗಿ ವ್ಯಾನಿನ ಅರ್ಧ ಗಂಟೆಯ ದಾರಿಯೇ ಅವರ ಊಟದ ಮನೆ. ಟೈಲರಮ್ಮ ಹಣ್ಣು ಬಿಡಿಸುವಳು, ಮೇಷ್ಟ್ರು ಗಣಿತದ ಮೇಷ್ಟ್ರಲ್ಲವೇ, ತೊಳೆ ಎಣಿಸಿ ಸರಿಸಮ ಹಂಚುವರು. ಆ ಅರ್ಧ ಗಂಟೆ ವ್ಯಾನಿನಲ್ಲಿ ಇದ್ದ ನಗು ಅವರ ಮನೆಗಳಲ್ಲಿ ಇರಲಿಲ್ಲ. ಮೆಲ್ಲಣ್ಣನೂ ಕನ್ನಡಿಯಲ್ಲಿ ನೋಡಿ ನೋಡದಂತಿದ್ದ. ಎಷ್ಟೋ ಸಲ ಅವನೇ ಗಾಡಿ ನಿಲ್ಲಿಸಿ ಹಣ್ಣು ತಂದುಕೊಟ್ಟಿದ್ದ.

ಅದೇ ಮನುಷ್ಯ ಮರುದಿನ ಕೆಂಪು ಅಕ್ಷರದ ಬೋರ್ಡ್ ಅಂಟಿಸಿದ: ವ್ಯಾನಿನೊಳಗೆ ತಿನ್ನಬಾರದು. ಎಲ್ಲರನ್ನೂ ಕೂರಿಸಿಕೊಂಡು ಕಾರಣ ಹೇಳಿದ. ಮೇಷ್ಟ್ರ ಕಡೆ ಕೈ ತೋರಿಸಿ, "ಇನ್ನೊಂದು ಸಲ ಗಾಡಿ ನಿಂತ್ರೆ ಯಾರ ಪಾಳಿ ಅಂತ ಗೊತ್ತಿಲ್ಲ" ಎಂದ. ಎಲ್ಲರೂ ತಲೆಯಾಡಿಸಿದರು. ನಾಲ್ಕು ದಿನ ನಡೆಯಿತು. ಐದನೆಯ ದಿನ ಸೀಟಿನಡಿ ಮತ್ತೆ ಸಿಪ್ಪೆ.

ಆಮೇಲೆ ಅವನು ಚೀಲ ನೋಡಲು ಶುರುಮಾಡಿದ. ಹತ್ತುವಾಗ ಒಬ್ಬೊಬ್ಬರ ಚೀಲದೊಳಗೆ ಕೈ. ಟೈಲರಮ್ಮನ ಕನ್ನಡಕದ ಡಬ್ಬಿಯಲ್ಲಿ ಕಡಲೆಬೀಜ ಸಿಕ್ಕಿತು. ಮೇಷ್ಟ್ರ ಕೋಟಿನ ಜೇಬು ಸವರಿ ನೋಡಿದ. ಅವರು ಎರಡೂ ಕೈ ಮೇಲೆತ್ತಿ ನಿಂತು, "ಮೂವತ್ತೈದು ವರ್ಷ ನಾನು ಹುಡುಗರ ಜೇಬು ನೋಡ್ತಿದ್ದೆ ಕಣಪ್ಪ" ಎಂದರು. ಯಾರೂ ನಗಲಿಲ್ಲ. ಇಷ್ಟೆಲ್ಲ ನಿಮಗೋಸ್ಕರವೇ ತಾನೇ, ನಿಮಗೇಕೆ ಅರ್ಥವಾಗುವುದಿಲ್ಲ ಎಂದು ಅವನಿಗೆ ರೇಗುತ್ತಿತ್ತು. ಒಳ್ಳೆಯದು ಮಾಡುತ್ತಿದ್ದೇನೆ ಎಂದುಕೊಂಡವನ ಕೈಗೆ ಅಂಕೆ ಇರುವುದಿಲ್ಲ.

ಒಂದು ಗುರುವಾರ ಕನ್ನಡಿಯಲ್ಲಿ ನೋಡುತ್ತಾನೆ, ಅಕ್ಕನ ದವಡೆ ಆಡುತ್ತಿದೆ. ಅವಳ ಚೀಲವನ್ನು ಅವನು ಯಾವತ್ತೂ ನೋಡಿರಲಿಲ್ಲ. ಆಸ್ಪತ್ರೆಯ ಗೇಟಿನಲ್ಲಿ ಬ್ರೇಕ್ ಹಾಕಿ, ಇಳಿದು ಬಂದು ಬಾಗಿಲು ತೆಗೆದ. ಶಾಲಿನ ಮರೆಯಲ್ಲಿ ಅರ್ಧ ಬಾಳೆಹಣ್ಣು ಹಿಡಿದಿದ್ದಳು. ಸೂಜಿ ಚುಚ್ಚಿ ಚುಚ್ಚಿ ಗಂಟುಕಟ್ಟಿದ ಆ ಕೈಯಿಂದ ಹಣ್ಣು ಕಿತ್ತು ರಸ್ತೆಗೆ ಎಸೆದ. "ನಿನಗಾದ್ರೂ ಬುದ್ಧಿ ಬೇಡ್ವಾ ಅಕ್ಕಾ" ಎಂದ, ಗೇಟಿನ ಕಾವಲುಗಾರನಿಗೂ ಕೇಳುವಂತೆ. ಅಕ್ಕ ಬಾಯಲ್ಲಿದ್ದದ್ದನ್ನೂ ಕರವಸ್ತ್ರಕ್ಕೆ ಉಗಿದು, ಮಡಚಿ, ಅವನ ಕೈಗೆ ಕೊಟ್ಟಳು.

ಅಂದಿನಿಂದ ವ್ಯಾನಿನಲ್ಲಿ ಒಂದು ಕಾಳು ಬೀಳಲಿಲ್ಲ, ಒಂದು ಮಾತೂ ಬೀಳಲಿಲ್ಲ. 'ಮೆಲ್ಲಗೆ' ಎನ್ನುವವರೂ ಇಲ್ಲ. ಮೂರು ತಿಂಗಳಾದರೂ ಒಂದು ವೈರಿಗೆ ಹಲ್ಲು ತಾಗಲಿಲ್ಲ. ಇಲಿಗಳು ಬೇರೆ ದಾರಿ ನೋಡಿಕೊಂಡವು. ಮೆಲ್ಲಣ್ಣನಿಗೆ ಗೆದ್ದೆನೆಂದು ಖುಷಿಯಾಗಿತ್ತು, ಅದನ್ನು ಹೇಳಿಕೊಳ್ಳಲು ಮಾತ್ರ ಯಾರೂ ಇರಲಿಲ್ಲ.

ಆಮೇಲೆ ಆಸ್ಪತ್ರೆಯ ಸಿಸ್ಟರ್ ಅವನನ್ನು ಒಳಗೆ ಕರೆದು ಒಂದು ಹಾಳೆ ಕೊಟ್ಟರು. "ಬೇಜಾರು ಮಾಡ್ಕೋಬೇಡಿ ಅಣ್ಣ. ಮಾಲೀಕರಿಗೂ ಒಂದು ಪ್ರತಿ ಹೋಗಿದೆ."

ಮೇಷ್ಟ್ರ ಮುತ್ತಿನಂಥ ಅಕ್ಷರ. ವ್ಯಾನಿನ ಬಗ್ಗೆ ದೂರಿಲ್ಲ, ಚಾಲಕರನ್ನು ಬದಲಾಯಿಸಬೇಕು, ಕಳ್ಳರನ್ನು ನೋಡುವಂತೆ ನೋಡುತ್ತಾರೆ ಎಂದಿತ್ತು. ಕೆಳಗೆ ಐದು ಸಹಿ. ಎಲ್ಲಕ್ಕಿಂತ ಮೇಲಿದ್ದದ್ದು ಅಕ್ಕನ ಸೊಟ್ಟ ಸಹಿ.

ಮನೆಗೆ ಬಂದು ಹೊಸ್ತಿಲಲ್ಲೇ ನಿಂತು ಕೇಳಿದ. "ನೀನೂ ಹಾಕಿದ್ಯಾ ಅಕ್ಕಾ?"

"ಮೊದಲು ನಾನೇ ಹಾಕಿದ್ದು. ನಾನು ಹಾಕದೆ ಅವರು ಹಾಕ್ತಿರಲಿಲ್ಲ. ನಿನ್ನ ಅಕ್ಕ ಅಂತ ನನ್ನ ಮುಖ ನೋಡ್ತಿದ್ರು."

"ಗಾಡಿ ನಿಂತುಹೋಗಿದ್ರೆ ನೀವು ಉಳೀತಿದ್ರಾ?"

"ಇಲ್ಲ."

"ಮತ್ತೆ?"

ಅಕ್ಕ ಮಾತ್ರೆಯ ಡಬ್ಬಿ ಮುಚ್ಚಿದಳು. "ನೀನು ಮಾಡಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ನಾಲ್ಕು ಗಂಟೆ ಹೆಣದ ಹಾಗೆ ಮಲಗ್ತೀವಿ. ಆಮೇಲೆ ಎರಡು ದಿನ ಗುಟುಕು ಲೆಕ್ಕ ಹಾಕ್ತೀವಿ. ನಾವು ಮನುಷ್ಯರಾಗಿ ಇರ್ತಿದ್ದಿದ್ದು ಆ ಅರ್ಧ ಗಂಟೆ. ಯಾರೋ ಡ್ರೈವರ್ ಅದನ್ನ ಕಿತ್ಕೊಂಡಿದ್ರೆ ಹಾಳಾಗಿ ಹೋಗ್ಲಿ ಅಂತಿದ್ದೆ. ನನ್ನ ತಮ್ಮ ಕಿತ್ಕೊಂಡ."

ಮೆಲ್ಲಣ್ಣ ಹಾಳೆ ಮಡಚಿ ಜೇಬಿಗಿಟ್ಟು, ವ್ಯಾನ್ ತೆಗೆದುಕೊಂಡು ಮಾಲೀಕನ ಬಳಿಗೆ ಹೊರಟ.

ಮಾಲೀಕ ಬಾನೆಟ್ ಎತ್ತಿ, ಟಾರ್ಚ್ ಬಿಟ್ಟು, ಬೆರಳಾಡಿಸಿ ನೋಡಿದ. "ನಿನ್ನಷ್ಟು ಚೆನ್ನಾಗಿ ನನ್ನ ಗಾಡಿ ಇಟ್ಕೊಂಡವರು ಇನ್ನೊಬ್ಬರಿಲ್ಲ" ಎಂದು ಬೆನ್ನು ತಟ್ಟಿ, ಬೀಗದ ಕೈ ಇಸಿದುಕೊಂಡ. ಹೊಸ ಡ್ರೈವರಿಗೆ ಒಂದು ದಿನ ಎಲ್ಲ ಹೇಳಿಕೊಡು ಎಂದ. ಮೆಲ್ಲಣ್ಣ ಜಾಲರಿ ತೋರಿಸಿದ, ಹೊಗೆಸೊಪ್ಪು ಯಾವಾಗ ಬದಲಿಸಬೇಕು ಹೇಳಿದ. ಹೊಸಬ ಕೆಂಪು ಬೋರ್ಡ್ ನೋಡಿ, "ಇದ್ಯಾಕೆ?" ಎಂದ. "ಸುಮ್ನೆ" ಎಂದು ಮೆಲ್ಲಣ್ಣ ಅದನ್ನು ಉಗುರಿನಿಂದ ಕೆರೆದು ಕಿತ್ತು ಹಾಕಿದ. ಅಕ್ಕನ ಸಂತೋಷಕ್ಕಾಗಿ ಕಿತ್ತನೋ, ಇಲಿ ಬಂದು ಎಲ್ಲರಿಗೂ ಬುದ್ಧಿ ಬರಲಿ ಎಂದು ಕಿತ್ತನೋ, ಅವನಿಗೇ ಗೊತ್ತಿರಲಿಲ್ಲ.

ಒಂದೂವರೆ ತಿಂಗಳ ನಂತರ ಗೊತ್ತಾಯಿತು. ಅಂದು ಮೆಷಿನ್ ದಿನ. ಅಕ್ಕ ಶಾಲು ಹೊದ್ದು ಮನೆಯ ಗೇಟಿನ ಬಳಿ ಕಾಯುತ್ತಿದ್ದಳು. ಆರು ಮುಕ್ಕಾಲಾಯಿತು, ಏಳಾಯಿತು, ವ್ಯಾನಿಲ್ಲ. ಏಳೂಕಾಲಾಯಿತು. ಅವಳ ಪಾದಗಳು ಊದಿದ್ದವು, ನಿಂತಲ್ಲೇ ಏದುಸಿರು. ಬಾಗಿಲಲ್ಲಿ ನಿಂತ ಮೆಲ್ಲಣ್ಣನ ಎದೆಯೊಳಗೆ ಏನೋ ತಣ್ಣಗೆ ಹಿಗ್ಗಿತು: ಕಡಿದಿರಬೇಕು. ಈಗ ತಿಳೀಲಿ. ಆಟೋ ಕರೆಯಬೇಕೆಂದು ಕೂಡ ಅವನಿಗೆ ಹೊಳೆಯಲಿಲ್ಲ.

ಅಕ್ಕ ತಿರುಗಿ ಅವನ ಮುಖ ನೋಡಿದಳು. ಆ ಹಿಗ್ಗು ಅವನ ತುಟಿಯಂಚಿನಲ್ಲಿ ಇನ್ನೂ ಇತ್ತು.

ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಹಾರ್ನ್ ಕೇಳಿತು. ಟೈರ್ ಪಂಕ್ಚರ್ ಆಗಿತ್ತಂತೆ, ಅಷ್ಟೇ. ಮೆಲ್ಲಣ್ಣ ಓಡಿಬಂದು, ಹತ್ತಿಸಲು ಕೈ ಚಾಚಿದ. ಅಕ್ಕ ಆ ಕೈ ಮುಟ್ಟದೆ, ಹೊಸ ಡ್ರೈವರ್ ಇಳಿದು ಸುತ್ತಿ ಬರುವವರೆಗೂ ಊದಿದ ಕಾಲಲ್ಲೇ ನಿಂತು ಕಾದಳು.