ಸಂದಿಯಕ್ಕನ ಆರು ಸಾಲು ತೊಗರಿ

ನಮ್ಮ ಪ್ರಾರ್ಥನಾ ಕೂಟದ ಮೂರನೆಯ ಬೆಂಚಿನಲ್ಲಿ ಕೂರುವ ರೈತ ಮಹಿಳೆಯೊಬ್ಬರನ್ನು ಊರೆಲ್ಲ ಸಂದಿಯಕ್ಕ ಎಂದೇ ಕರೆಯುತ್ತದೆ. ಎಲ್ಲಿ ಸಂದಿ ಕಂಡರೂ ಅದನ್ನು ತುಂಬದೆ ಅವರಿಗೆ ಸಮಾಧಾನವಿಲ್ಲ. ಬಸ್ಸಿನ ಸೀಟಿನಲ್ಲಿ ಇಬ್ಬರ ನಡುವೆ ಅಂಗೈಯಗಲ ಜಾಗವಿದ್ದರೆ ಅಲ್ಲಿ ತಮ್ಮ ಚೀಲವನ್ನಾದರೂ ಕೂರಿಸುತ್ತಾರೆ. ದೇವರ ಮಾತನ್ನು ಜನರಿಗೆ ಮುಟ್ಟಿಸುವ ಅಲ್ಪ ಸೇವೆಯನ್ನು ಇಪ್ಪತ್ತೆರಡು ವರ್ಷಗಳಿಂದ ಮಾಡುತ್ತಿರುವ ನಾನು, ಕೇಳುವವರ ಎದೆಗೆ ಮಾತು ಇಳಿಯಲೆಂದು ಪ್ರವಚನದ ನಡುವೆ ಒಂದು ಕ್ಷಣ ಮೌನವಾಗುವ ರೂಢಿ ಇಟ್ಟುಕೊಂಡಿದ್ದೇನೆ. ಮಾತು ಇಳಿಯುವ ಮೊದಲೇ ಮೂರನೆಯ ಬೆಂಚಿನಿಂದ "ಹೂಂ, ಆಮೇಲೆ?" ಎಂಬ ದನಿ ಏಳುತ್ತಿತ್ತು. ಜನ ನಗುತ್ತಿದ್ದರು. ನಾನೂ ನಕ್ಕು ಮುಂದುವರಿಯುತ್ತಿದ್ದೆ; ಬೇರೆ ದಾರಿ ಇರಲಿಲ್ಲ.

ಹೊಲದಲ್ಲಿ ಮಾತ್ರ ಈ ಸ್ವಭಾವವೇ ಅವರ ಸಂಪತ್ತು. ತೊಗರಿಯ ಎರಡು ಸಾಲುಗಳ ನಡುವೆ ಒಬ್ಬ ಆಳು ಅಡ್ಡಲಾಗಿ ಮಲಗುವಷ್ಟು ಜಾಗ ಬಿಡುತ್ತಾರೆ. ಹುಟ್ಟಿದ ಮೊದಲ ಒಂದೂವರೆ ತಿಂಗಳು ತೊಗರಿ, ಬೆಳೆಯಲೋ ಬೇಡವೋ ಎಂದು ಯೋಚಿಸುತ್ತ ನಿಂತಿರುತ್ತದೆ. ಅಷ್ಟರಲ್ಲಿ ಅಕ್ಕ ಆ ನಡುವೆ ಬಿತ್ತಿದ ಹೆಸರು, ಉದ್ದು ಅವಸರದಿಂದ ಎದ್ದು, ಕಾಯಿ ಕೊಟ್ಟು, ಎರಡೂವರೆ ತಿಂಗಳೊಳಗೆ ಜಾಗ ಖಾಲಿ ಮಾಡುತ್ತವೆ. ಅನಂತರ ತೊಗರಿ ಕೈಕಾಲು ಚಾಚುತ್ತದೆ. ಒಂದೇ ನೆಲದಲ್ಲಿ ಅವಸರದವರಿಗೂ ನಿಧಾನಿಗಳಿಗೂ ಎಡೆ ಕೊಟ್ಟ ಭಗವಂತನ ಕರುಣೆಯನ್ನು ಈ ಹೊಲದ ನೆಪದಲ್ಲಿ ನಾನು ಎಷ್ಟು ಸಲ ಕೊಂಡಾಡಿದ್ದೇನೋ ಲೆಕ್ಕವಿಲ್ಲ.

"ದೇವರನ್ನ ಹೊಗಳಿದ್ದು ಸರಿ ಅಣ್ಣಾ, ಕಳೆ ಕಿತ್ತೋರು ಯಾರು ಅಂತಾನೂ ಒಂದು ಮಾತು ಹೇಳಬಾರದಾ?" ಎಂದು ಸಂದಿಯಕ್ಕ ಕೂಟದ ಬಾಗಿಲಲ್ಲೇ ತಡೆದು ಕೇಳಿದ್ದುಂಟು.

ಒಂದು ವರ್ಷ ಅವರು ಆರು ಸಾಲಿಗೆ ಹಾಕಿದ್ದು ತಮ್ಮ ತಾಯಿ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ ಕೊಟ್ಟಿದ್ದ ಕೆಂಪು ತೊಗರಿಯ ಬೀಜ. ಮೂವತ್ತು ವರ್ಷ ತಪ್ಪದೆ ಬಿತ್ತಿ, ತಪ್ಪದೆ ಬೀಜ ಉಳಿಸಿಕೊಂಡು ಬಂದದ್ದು. ತಾಯಿ ಈಗಿಲ್ಲ, ತವರಿನ ಹೊಲದಲ್ಲಿ ಆ ತಳಿಯೂ ಇಲ್ಲ. ಬಿತ್ತನೆ ಮುಗಿಸಿ ಬಂದು ಅಟ್ಟದ ಮೇಲಿನ ಮಡಕೆ ಇಳಿಸಿ ನೋಡಿದರೆ, ಉಳಿದ ಬೀಜವನ್ನೆಲ್ಲ ಹುಳು ಕೊರೆದು ತೂತು ಮಾಡಿತ್ತು. ತಾಯಿಯ ತೊಗರಿ ಎಂಬುದು ಈ ಲೋಕದಲ್ಲಿ ಇನ್ನು ಆ ಆರು ಸಾಲು ಮಾತ್ರ.

ಆ ಆರು ಸಾಲಿನಲ್ಲೇ ಅಕ್ಕ ತಮ್ಮ ಕೈಚಳಕ ತೋರಿಸಿ ಬಂದಿದ್ದರು. ನಾದಿನಿ ಕೊಟ್ಟ ಅಲಸಂದೆ ಬೀಜ ಮಡಿಲಲ್ಲಿ ಎರಡು ಹಿಡಿ ಮಿಕ್ಕಿತ್ತು. ಮಡಿಲಿನ ಬೀಜವನ್ನು ಮನೆಗೆ ವಾಪಸ್ಸು ಒಯ್ಯುವುದು ಅವರ ಜಾಯಮಾನಕ್ಕೆ ಒಗ್ಗದು. ತೊಗರಿ ಸಾಲಿನೊಳಗೇ, ಕಾಳಿಗೂ ಕಾಳಿಗೂ ನಡುವೆ ಇದ್ದ ಮೊಳದಗಲ ಸಂದಿಯಲ್ಲಿ ಒಂದೊಂದು ಊರಿಬಿಟ್ಟರು. ಅದು ಗಿಡವಾಗಿ ನಿಲ್ಲುವ ಅಲಸಂದೆಯಲ್ಲ, ಬಳ್ಳಿಯಾಗಿ ಹಬ್ಬುವಂಥದ್ದು.

ನಲವತ್ತು ದಿನಗಳ ಬಳಿಕ ಒಂದು ಬೆಳಿಗ್ಗೆ ನಾನು ಆ ದಾರಿಯಲ್ಲಿ ಹೋಗುವಾಗ ಅಕ್ಕ ಬದುವಿನ ಮೇಲೆ ಕುಕ್ಕರಿಸಿದ್ದರು. ಪಕ್ಕದಲ್ಲಿ ನಾದಿನಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಬೆರಳು ಗಾತ್ರದ ತೊಗರಿ ಸಸಿಗಳನ್ನು ಅಲಸಂದೆ ಸುತ್ತಿ, ಹತ್ತಿ, ನೆಲಕ್ಕೆ ಬಗ್ಗಿಸಿತ್ತು.

"ಬಳ್ಳಿ ಅಂತ ಹೇಳೇ ಕೊಟ್ಟಿದ್ದೆ ಅಣ್ಣಾ," ಎಂದಳು ನಾದಿನಿ. "ಆದ್ರೆ ನಾನು ಮಾತಾಡೋವಾಗ ಅತ್ತಿಗೇನೂ ಮಾತಾಡ್ತಿದ್ರು."

ಅಕ್ಕ ತಮ್ಮ ಕೈಯಲ್ಲಿದ್ದುದನ್ನು ತೋರಿಸಿದರು. ಬಳ್ಳಿ ಎಳೆಯಲು ಹೋಗಿದ್ದರು. ಬಳ್ಳಿಯ ಜೊತೆಗೆ ತೊಗರಿಯೂ ಮುರಿದು ಬಂದಿತ್ತು. ಪ್ರಿಯರೇ, ಸಂದಿಯಕ್ಕ ಸುಮ್ಮನಿದ್ದುದನ್ನು ಕಂಡು ನನಗೆ ನಿಜಕ್ಕೂ ಭಯವಾಯಿತು.

ಅಷ್ಟರಲ್ಲಿ ಅಕ್ಕನ ಯಜಮಾನರು ಬಂದರು. ವೃತ್ತಿಯಿಂದ ದರ್ಜಿ. ಮಾತು ಕಡಿಮೆ, ಇದ್ದರೂ ಆ ಮನೆಯಲ್ಲಿ ಅದನ್ನು ಇಡಲು ಜಾಗವಿರಲಿಲ್ಲ. ಕೈಯಲ್ಲಿ ತಮ್ಮ ದೊಡ್ಡ ಕತ್ತರಿ ಹಿಡಿದಿದ್ದರು.

"ಎಳೀಬೇಡ. ಬುಡದಲ್ಲಿ ಕತ್ತರಿಸು. ಬಳ್ಳಿ ಗಿಡದ ಮೇಲೇ ಒಣಗಲಿ, ತಾನೇ ಸಡಿಲ ಆಗುತ್ತೆ."

"ಬಟ್ಟೆ ಕತ್ತರಿ ಕಣ್ರೀ ಇದು! ಒಂದ್ಸಲ ಇದರಲ್ಲಿ ಕಾಗದ ಕತ್ತರಿಸಿದ್ದಕ್ಕೆ ಮೂರು ದಿನ ಮಾತಾಡಿರಲಿಲ್ಲ ನೀವು."

"ಅದಕ್ಕೆ ಮುಂಚೆ ನನಗೆ ಮಾತಾಡೋಕೆ ಯಾವಾಗ ಬಿಟ್ಟಿದ್ದೆ?"

ನಾದಿನಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಾನೂ ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ, ಕುಡುಗೋಲು ಕೇಳಿ ಪಡೆದೆ. ಬಹಳ ಭಕ್ತಿಯಿಂದ ಕತ್ತರಿಸಿದ ಎರಡನೆಯ ಬುಡವೇ ತೊಗರಿಯದ್ದಾಗಿತ್ತು.

"ಪುಣ್ಯಾತ್ಮರೇ, ನೀವು ಅಲ್ಲಿ ಕೂತು ಪ್ರಾರ್ಥನೆ ಮಾಡಿ," ಎಂದು ಅಕ್ಕ ನನ್ನ ಕೈಯಿಂದ ಕುಡುಗೋಲು ಕಿತ್ತುಕೊಂಡರು.

ಮಾಡಿದೆ, ಆ ಬೀಜಕ್ಕಾಗಿ ಮನಸಾರೆ ಮಾಡಿದೆ. ಆರನೆಯ ಸಾಲು ಮುಗಿದಾಗ ಅಕ್ಕ ಮಣ್ಣುಗೈಯಲ್ಲೇ ಕೈಮುಗಿದು ಗಟ್ಟಿಯಾಗಿ ದೇವರಿಗೆ ಮಾತು ಕೊಟ್ಟರು. "ನಮ್ಮಮ್ಮನ ಬೀಜ ಒಂದು ಸೇರಾದರೂ ಉಳಿಸಿಕೊಡು ತಂದೆ. ಅದು ಕೈಗೆ ಬಂದ ದಿನದಿಂದ ಒಂದು ವರ್ಷ ಅಣ್ಣನ ಪ್ರವಚನದಲ್ಲಿ ಬಾಯಿ ಹಾಕಲ್ಲ."

ದೇವರು ಇದಕ್ಕೆ ಒಪ್ಪುತ್ತಾನೆಂದು ನಾನು ಆಗಲೇ ಅಂದುಕೊಂಡೆ. ಆತನೂ ಪ್ರತಿ ವಾರ ಕೂಟಕ್ಕೆ ಬರುವವನಲ್ಲವೇ!

ಸತ್ತ ಸಸಿಗಳ ಜಾಗ ಬೋಳುಬೋಳಾಗಿ ಕಾಣುತ್ತಿತ್ತು. ಅಕ್ಕ ದಿನವೂ ಬದುವಿಗೆ ಹೋಗಿ, ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂರುತ್ತಿದ್ದರಂತೆ, ಆ ಕೈಗಳು ಏನನ್ನಾದರೂ ಊರಿಬಿಟ್ಟಾವು ಎಂದು. ಹೆಸರಿನ ಕಾಯಿ ಬಿಡಿಸಿಯಾಯಿತು. ಬಾಗಿದ ಗಿಡಗಳು ಬಾಗಿದಲ್ಲಿಂದಲೇ ಕವಲೊಡೆದವು. ನಾಲ್ಕು ಸಾಲಿನಷ್ಟು ಹೋಯಿತೆನ್ನಿ. ಉಳಿದ ಎರಡು ಸಾಲಿನಷ್ಟು ಗಿಡಗಳು ಬೋಳು ಜಾಗದ ಮೇಲೆಲ್ಲ ರೆಂಬೆ ಚಾಚಿ, ಹಳದಿ ಹೂ ಹೊತ್ತು, ಗೊಂಚಲು ಗೊಂಚಲಾಗಿ ಕಾಯಿ ಕಟ್ಟಿದವು. ಬಡಿದು ತೂರಿದ ಮೇಲೆ ಮೂರು ಸೇರು ಬೀಜ ಸಿಕ್ಕಿತು. ಚೆನ್ನಾಗಿ ಒಣಗಿಸಿ, ಬೂದಿ ಬೆರೆಸಿ, ಒಂದು ಪಾಲನ್ನು ಮಡಕೆಗೆ ತುಂಬಿ ಬಾಯಿ ಕಟ್ಟಿದರು. ಇನ್ನೊಂದು ಪಾಲನ್ನು ನಾದಿನಿಯ ಮನೆಯಲ್ಲಿಟ್ಟರು. ಅಂದು ಮಾತ್ರ ಅವಳ ಮಾತನ್ನು ಪೂರ್ತಿ ಕೇಳಿಸಿಕೊಂಡು ಬಂದರಂತೆ.

ಮುಂದಿನ ಕೂಟದಲ್ಲಿ ನಾನು ತಾಳ್ಮೆಯ ಬಗ್ಗೆ ಮಾತನಾಡುತ್ತಿದ್ದೆ. ರೂಢಿಯಂತೆ ಒಂದೆಡೆ ನಿಲ್ಲಿಸಿ ಮೌನವಾದೆ. ಮೂರನೆಯ ಬೆಂಚು ಸದ್ದು ಮಾಡಲಿಲ್ಲ. ಅಕ್ಕ ತುಟಿ ಬಿಗಿದು, ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕುಳಿತಿದ್ದರು. ಮೌನ ಎಲ್ಲರ ಎದೆಗೂ ಇಳಿಯಿತು. ಇಳಿದು, ನನ್ನ ಎದೆಯಲ್ಲಿದ್ದ ಮುಂದಿನ ಮಾತನ್ನೂ ಕರೆದುಕೊಂಡು ಹೋಯಿತು. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ ನನಗೆ ಮುಂದೇನೆಂದು ಹೊಳೆಯಲಿಲ್ಲ.

"ಅಕ್ಕಾ," ಎಂದೆ ಸೋತು, "ಆಮೇಲೆ?"

ಅಕ್ಕ ಆಗದೆಂದು ತಲೆಯಾಡಿಸಿದರು. ಆಗ ಹಿಂದಿನ ಸಾಲಿನಿಂದ, ಕೂಟದಲ್ಲಿ ಎಂದೂ ದನಿ ತೆಗೆಯದ ದರ್ಜಿ ಯಜಮಾನರು ಎದ್ದು ನಿಂತು ಗಂಟಲು ಸರಿಪಡಿಸಿಕೊಂಡರು.

"ಅವಳು ದೇವರಿಗೆ ಮಾತು ಕೊಟ್ಟಿದ್ದಾಳೆ. ಈ ವರ್ಷ ನಾನು ಕೇಳ್ತೀನಿ ಅಣ್ಣಾ. ಆಮೇಲೆ?"