‘ಬರತೇನಿ’ ಅಂದವರು ಬರಲಿಲ್ಲ

ರಾಮದುರ್ಗದ ಅನ್ನಪೂರ್ಣಾ ಕುಳಿತದ್ದನ್ನು ಕಣ್ಣಾರೆ ಕಂಡವರು ನಮ್ಮ ಓಣಿಯಲ್ಲಿ ಯಾರೂ ಇಲ್ಲ. ಆಕೆಯ ಕುರ್ಚಿ ಬೇಸತ್ತು ತಾನೇ ಎದ್ದು ಓಡಾಡಲು ಕಲಿತಿದೆ ಎಂದು ನಾನೇ ಹಬ್ಬಿಸಿದ್ದೇನೆ. ಅರ್ಧ ಊರು ನಂಬಿದೆ. ನಿಂತೇ ಉಣ್ಣುತ್ತಾಳೆ, ನಡೆಯುತ್ತಲೇ ಫೋನಿನಲ್ಲಿ ಮಾತಾಡುತ್ತಾಳೆ. ಆಕೆ ಸುತ್ತಿ ಸುತ್ತಿ ಸವೆದ ಅಂಗಳದಲ್ಲಿ ನೀರು ಕಾಣುವುದೊಂದೇ ಬಾಕಿ.

ಇಂಥವಳು ಜಟ್ಟೆಪ್ಪನ ಹಿಟ್ಟಿನ ಗಿರಣಿಗೆ ಆ್ಯಪ್ ಮಾಡಿಕೊಟ್ಟಳು. ಜೋಳದ ಚೀಲ ಇಟ್ಟು ಮನೆಗೆ ಹೋದರೆ ಸಾಕು, ಹಿಟ್ಟು ತಯಾರಾದಾಗ ಫೋನು ಟಣ್ ಎನ್ನುತ್ತದೆ. ಆ್ಯಪ್ ಮುಚ್ಚುವಾಗ ‘ಮತ್ತ ಬರತೀರೇನ್ರಿ?’ ಎಂದು ಕೇಳುತ್ತದೆ. ಕೆಳಗೆ ಎರಡು ಗುಂಡಿ: ‘ಬರತೇನಿ’, ‘ಬರೂದಿಲ್ಲ’.

ಒತ್ತಿದವರೆಲ್ಲ ‘ಬರತೇನಿ’ಯನ್ನೇ ಒತ್ತಿದರು. ಇಷ್ಟು ಒಮ್ಮತವನ್ನು ನಾನು ಒಬ್ಬನೇ ಇರುವ ಮನೆಯಲ್ಲೂ ಕಂಡಿಲ್ಲ. ಸುದ್ದಿ ಕೇಳಿದ ಸವದತ್ತಿ, ಬೈಲಹೊಂಗಲದ ಗಿರಣಿಯವರು ನಮಗೂ ಇದೇ ಬೇಕು, ನಾಳೆಯೇ ಬರುತ್ತೇವೆ ಎಂದರು.

ಅನ್ನಪೂರ್ಣಾಗೆ ಮಾತ್ರ ತಳಮಳ. ‘ಬರತೇನಿ’ ಅಂದವರು ಆ್ಯಪಿನತ್ತ ಎರಡನೇ ಸಲ ಸುಳಿದಿರಲಿಲ್ಲ. ಯಾರಿಗೂ ಬೇಡದ್ದನ್ನು ಮತ್ತೆರಡು ಊರಿಗೆ ಹಚ್ಚಿದರೆ ಹೆಸರು ಕೆಡುವುದೂ ಅಷ್ಟೂ ಊರಲ್ಲಿ. ಚಪ್ಪಲಿ ಮೆಟ್ಟಿ ಗಿರಣಿಗೆ ನಡೆದಳು.

ಅಲ್ಲಿ ಸುಂದರವ್ವ ತನ್ನ ಜೋಳದ ಚೀಲದ ಮೇಲೆ ಠಿಕಾಣಿ ಹೂಡಿದ್ದಳು.

“ಸುಂದರಕ್ಕಾ, ಫೋನಿನ್ಯಾಗ ಬರತೇನಿ ಅಂತ ಒತ್ತೀರಿ. ಮತ್ತ ಇಲ್ಲ್ಯಾಕ ಕುಂತೀರಿ?”

“ಬಂದೇನಲ್ಲವಾ!”

“ಇಲ್ಲಿಗಲ್ಲರಿ, ಆ್ಯಪಿಗೆ!”

“ಅದರೊಳಗ ಹ್ಯಾಂಗ ಬರ್ಲಿ? ನನ್ನ ಮೈ ನೋಡೀಯೇನ?”

ಜಟ್ಟೆಪ್ಪ ನಕ್ಕ ರಭಸಕ್ಕೆ ಗಿರಣಿಯ ಪಟ್ಟಾ ಕಳಚಿತು. “ಯವ್ವಾ, ನಿನ್ನ ಆ್ಯಪ್ ಬಾಳ ಛಲೋ ಐತಿ. ಉಪಯೋಗಸವರು ಸಿಗವಲ್ರು, ಅಷ್ಟ ತ್ರಾಸ.”

ಅನ್ನಪೂರ್ಣಾ ಕೆಂಡವಾದಳು. ಇನ್ನು ಈ ಗಿರಣಿಗೆ ಕಾಲಿಡುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಹಾಕಿ ಹೊಸ್ತಿಲು ದಾಟಿದಳು. ಬಾಯಿ ಮಾತ್ರ ತನ್ನ ರೂಢಿಯಂತೆ ಅಂದಿತು: “ಬರತೇನ್ರಿ, ಕಾಕಾ.”

ಕಾಲು ಅಲ್ಲೇ ನಿಂತಿತು. ಬಾರದಿರುವ ಹಟ ತೊಟ್ಟವಳೂ ‘ಬರತೇನಿ’ ಎಂದೇ ಹೊರಟಿದ್ದಳು! ಹೊರಡುವಾಗ ‘ಬರೂದಿಲ್ಲ’ ಎಂಬ ಅಪಶಕುನ ನಮ್ಮಲ್ಲಿ ಯಾರ ಬಾಯಲ್ಲಿ ಬಂದೀತು, ಯಾರ ಬೆರಳಲ್ಲಿ ಬಂದೀತು? ಮಂದಿ ಆ್ಯಪನ್ನು ಮೆಚ್ಚಿರಲಿಲ್ಲ, ಮರ್ಯಾದೆಯಿಂದ ಬೀಳ್ಕೊಂಡಿದ್ದರು.

ನಿಂತಲ್ಲೇ ಸವದತ್ತಿಗೂ ಬೈಲಹೊಂಗಲಕ್ಕೂ ಫೋನು ಹಚ್ಚಿದಳು. “ನಾಳೆ ಬರಬ್ಯಾಡ್ರಿ ಅಣ್ಣಾರ. ಮಂದಿಗೆ ಏನ ಬೇಕಂತ ನನಗಿನ್ನೂ ತಿಳದಿಲ್ಲ.”

ಮತ್ತೆ ಒಳಗೆ ಬಂದು, ಸುಂದರವ್ವನ ಪಕ್ಕದ ಚೀಲದ ಮೇಲೆ ಕುಳಿತಳು. ಹೌದು, ಕುಳಿತಳು! ಮೊಳಕಾಲು ಮಾತ್ರ ಗಿರಣಿಗಿಂತ ಜೋರಾಗಿ ನಡುಗುತ್ತಿತ್ತು.

“ಅಕ್ಕಾ, ಹಿಟ್ಟು ತಯಾರಾದ ಕೂಡಲೇ ಫೋನು ಹೇಳತೈತಲ್ಲ. ಮತ್ತ್ಯಾಕ ಕಾಯತೀರಿ?”

“ನನಕಿಂತ ಮೊದಲ ಯಾರರೆ ಸಜ್ಜಿ ಬೀಸಿದ್ರ, ಕಲ್ಲಿನ್ಯಾಗ ಉಳದದ್ದು ಕೂಡಿ ನನ್ನ ಜ್ವಾಳದ ಹಿಟ್ಟು ಕರ್ರಗಾಗತೈತಿ. ಅದನ್ನ ನಿನ್ನ ಫೋನು ಹೇಳತೈತೇನ? ಕಣ್ಣಿಡಬೇಕವಾ. ಮೊದಲ ಆ ಕಾಲು ಅಲಗಸೂದು ಬಿಡು, ಚೀಲ ಬಿಚ್ಚತೈತಿ.”

ಮೊಳಕಾಲು ಥಟ್ಟನೆ ನಿಂತಿತು.

“ಸಜ್ಜಿ?” ಎಂದಳು ಅನ್ನಪೂರ್ಣಾ. “ಇನ್ನೊಮ್ಮೆ ಹೇಳ್ರಿ ಅಕ್ಕಾ.”